ಕಲ್ಲಿನ ರಥದ ಕಳೆದ ಶಿಖರ

ಹಂಪೆಯ ವಿಠ್ಠಲ ದೇವಾಲಯದ ಮುಂದಿರುವ ಕಲ್ಲಿನ ರಥವನ್ನು ಅರಿಯದ ಕನ್ನಡಿಗರಿಲ್ಲ. ನಾಡಿನಿಂದ ದೂರವಿರುವ ನಮ್ಮ ಜೇಬುಗಳಿಗೂ ಅದು 2017ರಲ್ಲಿ ಐವತ್ತು ರೂಪಾಯಿಯ ಹೊಸ ನೋಟಿನೊಡನೆ ಬಂದು ಸೇರಿತು. ಆದರೆ ನಾವು ಇಂದು ಕಾಣುವ ರಥ ಪೂರ್ಣವಾದುದಲ್ಲ. ಗರುಡನ ಗುಡಿಯಾದ ಈ ರಥದ ನೆತ್ತಿಯ ಮೇಲೆ ಹಿಂದೆ ಇಟ್ಟಿಗೆ ಗಾರೆಯ ಶಿಖರವೊಂದಿತ್ತು.

ಇದಕ್ಕೆ ಸಾಕ್ಷಿ ಒಂದು ಛಾಯಾಚಿತ್ರ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಸವರಿದ ಕಾಗದದ ಮೇಲೆ ಹಂಪೆಯ ಚಿತ್ರಗಳನ್ನು ತೆಗೆದನು. ಮುಂದೆ ಶಿಖರವು ಇಲ್ಲವಾಯಿತು. ಅದರ ರೂಪ ಆ ಕಾಗದದಲ್ಲಿ ಉಳಿದುಕೊಂಡಿತು. ಆದರೆ ಆ ಚಿತ್ರಗಳು ನೂರು ವರ್ಷಕ್ಕೂ ಮಿಗಿಲಾಗಿ ಮರೆಯಲ್ಲಿದ್ದು, 1980ರ ದಶಕದಲ್ಲಷ್ಟೇ ವಿದ್ವಾಂಸರ ಬಳಕೆಗೆ ಬಂದವು.

ಛಾಯಾಚಿತ್ರವು ಒಂದು ಮಗ್ಗುಲನ್ನು ಮಾತ್ರ ತೋರಿಸಬಲ್ಲದು. ಇಂದಿನ ಲೇಸರ್ ಸ್ಕ್ಯಾನರ್ ಯಂತ್ರವಾದರೋ ಶಿಲ್ಪದ ಸುತ್ತಲೂ ಬೆಳಕಿನ ಕಿರಣವನ್ನು ಬಿಟ್ಟು, ಅದು ಮರಳಿ ಬರುವ ಬಗೆಯಿಂದ ದೂರವನ್ನು ಅಳೆಯುತ್ತದೆ. ಹೀಗೆ ಅಳೆದ ಲಕ್ಷಾಂತರ ಬಿಂದುಗಳನ್ನು ಕಂಪ್ಯೂಟರು ಜೋಡಿಸಿದಾಗ, ಉಳಿಯ ಗುರುತಿನವರೆಗೆ ಶಿಲ್ಪದ ಪಡಿಯಚ್ಚು ದೊರೆಯುತ್ತದೆ. ಕಲ್ಲನ್ನು ಮುಟ್ಟಬೇಕಾಗಿಯೇ ಇಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಇಂತಹ ಕಾರ್ಯಕ್ಕೆ ಹಂಪೆಯನ್ನೇ ಆರಿಸಿಕೊಂಡಿತು; ಅದರ ಫಲಿತಾಂಶಗಳು 2017ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು.

ಕಲ್ಲು ಶಾಶ್ವತವೆಂದು ನಂಬಿ ಕೂರುವಂತಿಲ್ಲ. ಹಂಪೆಯಲ್ಲಿ ಕೆಲವರು ಕಂಬಗಳನ್ನು ತಳ್ಳಿ ಕೆಡವಿದ ದುಷ್ಕೃತ್ಯ 2019ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂದಿತು. ನ್ಯಾಯಾಲಯವು ಅವರಿಗೆ ತಲಾ 70,000 ರೂಪಾಯಿ ದಂಡ ವಿಧಿಸಿ, ಕಂಬಗಳನ್ನು ಅವರಿಂದಲೇ ನಿಲ್ಲಿಸಿತು. ಬಿದ್ದ ಕಂಬವನ್ನು ಎತ್ತಿ ನಿಲ್ಲಿಸಬಹುದು. ಒಡೆದ ಮುಖವನ್ನು ಅಳತೆಯಿಲ್ಲದೆ ಮತ್ತೆ ಕೂಡಿಸುವುದು ಹೇಗೆ?

ಆದರೂ ಪಡಿಯಚ್ಚು ಮೂಲಕ್ಕೆ ಸಾಟಿಯಲ್ಲ. ಅದನ್ನು ತೆಗೆದಿಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಯಂತ್ರಗಳು ಬದಲಾಗುತ್ತವೆ, ಹಳೆಯ ಕಡತಗಳು ತೆರೆಯದಾಗುತ್ತವೆ. ಪಂಪನ ಕಾವ್ಯ ನಮಗೆ ದಕ್ಕಿದುದು, ತಲೆಮಾರಿನಿಂದ ತಲೆಮಾರಿಗೆ ಯಾರೋ ಓಲೆಗರಿಯನ್ನು ಪ್ರತಿ ಮಾಡಿದುದರಿಂದ. ಈ ಹೊಸ ಪ್ರತಿಗಳಿಗೂ ಅದೇ ನಿಯಮ. ಒಂದೇ ಪೆಟ್ಟಿಗೆಯಲ್ಲಿ ಬೀಗ ಹಾಕಿಡದೆ ಅವನ್ನು ಶಾಲೆಗಳಿಗೆ, ಗ್ರಂಥಾಲಯಗಳಿಗೆ, ಹೊರನಾಡಿನ ಕನ್ನಡ ಸಂಘಗಳಿಗೆ ಹಂಚಬೇಕು. ಹಂಪೆಯನ್ನು ಕಾಣದೆ ಬೆಳೆಯುತ್ತಿರುವ ನಮ್ಮ ಮಕ್ಕಳು ರಥವನ್ನು ಸುತ್ತಿ ನೋಡಿ, ಕಳೆದ ಶಿಖರವನ್ನು ಕುರಿತು ಕೇಳುವಂತಾಗಲಿ. ಆಗ ಉತ್ತರ ಹೇಳಲು ನಾವು ಸಿದ್ಧರಾಗಿರೋಣ.