ಹಡಗಿನಲ್ಲಿ ಬಂದ ಗೋಧಿ, ಹಡಗು ಹತ್ತಿದ ಹುರಿಹಿಟ್ಟು

ಹೋದ ನವೆಂಬರಿನಲ್ಲಿ ನಮ್ಮ ಮನೆಯವರೆಲ್ಲ ಸೇರಿ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಪ್ರವಾಸಿ ಹಡಗು ಹತ್ತಿದ್ದೆವು. ಸಮುದ್ರದ ಬಗ್ಗೆ, ಸೂರ್ಯಾಸ್ತದ ಬಗ್ಗೆ ಚೆನ್ನಾಗಿ ಬರೆಯುವವರು ನಿಮ್ಮಲ್ಲೇ ಬಹಳ ಜನ ಇದ್ದೀರಿ. ನಾನು ಬರೆಯಹೊರಟಿರುವುದು ಒಂದು ಸ್ಟೀಲ್ ಡಬ್ಬಿಯ ಬಗ್ಗೆ.

ಹೊರಡುವ ಹಿಂದಿನ ದಿನ ಅಜ್ಜಂಪುರದ ಮನೆಯಲ್ಲಿ ಅಮ್ಮ ಎರಡು ಕೇಜಿ ರಾಗಿ ಹುರಿಹಿಟ್ಟು ತುಂಬಿದ ಡಬ್ಬಿ ತಂದು ನನ್ನ ಮುಂದೆ ಇಟ್ಟಳು.

"ಇದ್ಯಾಕಮ್ಮ? ಹಡಗಲ್ಲಿ ಬೆಳಗಿಂದ ರಾತ್ರಿ ತನಕ ಊಟ ಹಾಕ್ತಾನೇ ಇರ್ತಾರಂತೆ."

"ನಿಂಗೆ ಹಾಕ್ತಾರೆ ಕಣಪ್ಪ. ಮಗೂಗೆ ಏನು ಹಾಕ್ತಾರೆ ಅಂತ ಕೇಳಿದ್ದೀಯಾ?"

ಮಗು ಅಂದರೆ ನನ್ನ ತಂಗಿಯ ಮಗಳು. ಹತ್ತನೇ ಕ್ಲಾಸು. ಅವಳಿಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಈ ಮೂರರಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇರುತ್ತದೆ. ಹೋಳಿಗೆಯ ಕಣಕ ರಬ್ಬರಿನ ಹಾಗೆ ಎಳೆಯಲು ಬರುತ್ತದಲ್ಲ, ಅದು ಈ ಗ್ಲುಟೆನ್ ಮಹಿಮೆ. ಸೀಲಿಯಾಕ್ ಇರುವವರು ಅದನ್ನು ತಿಂದರೆ ಅವರ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಔಷಧಿ ಇಲ್ಲ. ಜೀವನಪೂರ್ತಿ ಗೋಧಿ ಬಿಡುವುದೊಂದೇ ದಾರಿ. ಮೂರು ವರ್ಷ ಜಂತುಹುಳಕ್ಕೆ, ರಕ್ತಹೀನತೆಗೆ ಅಂತ ಮಾತ್ರೆ ತಿನ್ನಿಸಿದ ಮೇಲೆ ಕೊನೆಗೊಬ್ಬ ಡಾಕ್ಟರು ಸರಿಯಾದ ರಕ್ತಪರೀಕ್ಷೆ, ಎಂಡೋಸ್ಕೋಪಿ ಮಾಡಿಸಿ ಹೆಸರು ಹೇಳಿದರು.

ನಮ್ಮ ಕಡೆ ಇಂಥದ್ದನ್ನು ಯಾರೂ ಕೇಳಿರಲಿಲ್ಲ. ಕೇಳುವುದಾದರೂ ಹೇಗೆ? ಅಮ್ಮನ ತವರು ಕಡೂರು ಕಡೆಯ ಹಳ್ಳಿ, ಅಲ್ಲಿ ರಾಗಿ. ನಾವು ಅಜ್ಜಂಪುರದವರು, ಎರೆಭೂಮಿ, ಜೋಳ. ತಂಗಿಯನ್ನು ಕೊಟ್ಟಿದ್ದು ತರೀಕೆರೆಗೆ. ಅಲ್ಲಿ ಅರ್ಧ ಮಲೆನಾಡು, ಅಕ್ಕಿ. ಇಪ್ಪತ್ತು ಮೂವತ್ತು ಮೈಲಿಯೊಳಗೆ ಮೂರು ಧಾನ್ಯ, ಮೂರರಲ್ಲೂ ಗ್ಲುಟೆನ್ ಇಲ್ಲ. ಗೋಧಿ ಅಂದರೆ ಹಬ್ಬದ ಹೋಳಿಗೆ ದಿನ ಮಾತ್ರ.

2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ ಜನರನ್ನು ಈ ಕಾಯಿಲೆಗಾಗಿ ಪರೀಕ್ಷೆ ಮಾಡಿದ್ದರು. ಉತ್ತರದಲ್ಲಿ ಸಾವಿರಕ್ಕೆ ಎಂಟೊಂಬತ್ತು ಜನರಿಗೆ ಕಾಯಿಲೆ. ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಒಬ್ಬರು. ಕಾಯಿಲೆಗೆ ಎಡೆಮಾಡುವ ಜೀನುಗಳು ಮಾತ್ರ ಎಲ್ಲ ಕಡೆ ಹೆಚ್ಚುಕಮ್ಮಿ ಅಷ್ಟೇ ಇದ್ದವು. ದೊಡ್ಡ ವ್ಯತ್ಯಾಸ ಕಂಡದ್ದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು 25 ಗ್ರಾಂ. ಅಂದರೆ ನಮ್ಮ ರಕ್ತದಲ್ಲೂ ಇದಕ್ಕೆ ಜಾಗ ಇತ್ತು, ತಟ್ಟೆಯಲ್ಲಿ ಗೋಧಿ ಇರಲಿಲ್ಲ, ಅಷ್ಟೇ.

ಸರಿ, ಹಡಗಿಗೆ ಬರೋಣ. ಹತ್ತುವಾಗಲೇ ತಪಾಸಣೆಯವರು ಡಬ್ಬಿ ತೆಗೆಸಿದರು. ಮನೆಯ ಅಡುಗೆ ಒಳಗೆ ಬಿಡುವುದಿಲ್ಲವಂತೆ. ಒಣ ಹಿಟ್ಟು ಅಂತ ತೋರಿಸಿ, ಡಾಕ್ಟರ ಪತ್ರ ಕೊಟ್ಟ ಮೇಲೆ ಬಿಟ್ಟರು. ನಾನು ಜಾಣತನದಿಂದ ತಂದಿದ್ದ ಪುಟ್ಟ ಕರೆಂಟ್ ಕುಕ್ಕರ್ ಮಾತ್ರ ಅಲ್ಲೇ ಉಳಿಯಿತು. ಬೆಂಕಿಯ ಭಯಕ್ಕೆ ರೂಮಿನಲ್ಲಿ ಅಂಥದ್ದೇನೂ ಹಚ್ಚುವಂತಿಲ್ಲ.

ಮೊದಲ ರಾತ್ರಿ ಊಟದ ಹಾಲ್ ನೋಡಿ ನನಗೆ ತಲೆ ತಿರುಗಿತು. ಬ್ರೆಡ್ಡು, ನಾನ್, ಪಾಸ್ತಾ, ಕೇಕು, ನೂಡಲ್ಸು... ಕಣ್ಣು ಹಾಯಿಸಿದಲ್ಲೆಲ್ಲ ಗೋಧಿ ಮೈದಾ. ಹುಡುಗಿ ತಟ್ಟೆ ಹಿಡಿದುಕೊಂಡು ನನ್ನ ಮುಖ ನೋಡಿದಳು. "ಅನ್ನ ಸಾಂಬಾರ್ ಹಾಕ್ಕೋ, ಅದರಲ್ಲೆಲ್ಲಿಂದ ಬರುತ್ತೆ ಗೋಧಿ?" ಅಂದೆ. "ಕೇಳಿ ಬನ್ನಿ ಮಾವ" ಅಂದಳು. "ಕೇಳೋದೇನಿದೆ, ತಿನ್ನು" ಅಂದವನು ನಾನೇ. ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು, ವಾಂತಿ ಶುರುವಾಯಿತು. ಸಮುದ್ರದ ಓಲಾಟ ಇರಬೇಕು ಅಂದುಕೊಂಡೆವು.

ಬೆಳಿಗ್ಗೆ ಅಡುಗೆಮನೆಯ ಹಿರಿಯರೊಬ್ಬರು ಬಂದು ಸಮಾಧಾನದಿಂದ ಎಲ್ಲ ಕೇಳಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಕೈಯಲ್ಲಿ ಇಂಗಿನ ಡಬ್ಬ ಹಿಡಿದುಕೊಂಡು ವಾಪಸ್ ಬಂದರು. ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿ ತೋರಿಸಿದರು. ಅಂಗಡಿಯಲ್ಲಿ ಸಿಗುವ ಬಹಳಷ್ಟು ಇಂಗು ಶುದ್ಧ ಇಂಗಲ್ಲ, ಮೈದಾ ಅಥವಾ ಗೋಧಿ ಹಿಟ್ಟು ಸೇರಿಸಿ ಕಟ್ಟಿದ್ದು! ನಮ್ಮ ಮನೆಯಲ್ಲಿ ಅಮ್ಮ ಇಂಗು ಹಾಕುವುದನ್ನೇ ನಿಲ್ಲಿಸಿದ್ದು ಯಾಕೆ ಅಂತ ನನಗೆ ಆವತ್ತು ಗೊತ್ತಾಯಿತು. ಕೇಳಿ ತಿಳಿದುಕೊಳ್ಳುವ ವ್ಯವಧಾನ ನನಗಿರಲಿಲ್ಲ.

ಆ ದಿನವೆಲ್ಲ ಅವಳು ರೂಮಿನಲ್ಲಿ ಮಲಗಿಯೇ ಇದ್ದಳು. ಮಜ್ಜಿಗೆಗೆ ಉಪ್ಪು, ಹುರಿಹಿಟ್ಟು ಕಲಸಿಕೊಂಡು ಕುಡಿದಳು. ನಾನು ಪಕ್ಕದಲ್ಲಿ ಕೂತು, ತಪ್ಪಿತಸ್ಥನ ಹಾಗೆ, ಈ ಹಡಗಿಗೂ ಗೋಧಿಗೂ ಇರುವ ನಂಟೇನು ಅಂತ ಯೋಚಿಸುತ್ತಿದ್ದೆ. ಊರಿಗೆ ಬಂದ ಮೇಲೆ ಒಂದಷ್ಟು ಓದಿದೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಯುರೋಪಿನ ಹಡಗು ಓಡಿದ್ದೇ ಗೋಧಿಯ ಮೇಲೆ. ಗೋಧಿ ಹಿಟ್ಟು, ನೀರು ಕಲಸಿ ಕಲ್ಲಿನಂತೆ ಸುಟ್ಟ ಬಿಸ್ಕತ್ತು ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. 17ನೇ ಶತಮಾನದ ಇಂಗ್ಲಿಷ್ ನೌಕಾಪಡೆಯಲ್ಲಿ ಒಬ್ಬ ನಾವಿಕನಿಗೆ ದಿನಕ್ಕೆ ಒಂದು ಪೌಂಡ್ ಬಿಸ್ಕತ್ತು, ಒಂದು ಗ್ಯಾಲನ್ ಬಿಯರ್. ಬಿಯರ್ ಬಾರ್ಲಿಯದ್ದು. ಅಂದರೆ ಬೆಳಗ್ಗೆಯಿಂದ ರಾತ್ರಿವರೆಗೂ ಗ್ಲುಟೆನ್. ಸೀಲಿಯಾಕ್ ಇದ್ದ ನಾವಿಕನ ಪಾಡು ಏನಾಗಿರಬಹುದು, ಊಹಿಸಿ.

ಆದರೆ ನಮ್ಮ ಅರಬ್ಬೀ ಸಮುದ್ರದ ಕಥೆ ಬೇರೆ. ನಮ್ಮ ಹಡಗು ಹೋಗುತ್ತಿದ್ದ ಇದೇ ಕರಾವಳಿಯಲ್ಲಿ ಬಸ್ರೂರು, ಮಂಗಳೂರುಗಳಿಂದ ಶತಮಾನಗಳ ಕಾಲ ಅಕ್ಕಿ ಹಡಗು ಹತ್ತುತ್ತಿತ್ತು. ಪೋರ್ಚುಗೀಸರ ಗೋವಾ ಊಟಕ್ಕೆ ನೆಚ್ಚಿಕೊಂಡದ್ದು ಕೆನರಾದ ಅಕ್ಕಿಯನ್ನು. ಅದಕ್ಕೂ ಮೊದಲು, 14ನೇ ಶತಮಾನದಲ್ಲಿ ಮೊರಾಕೊದ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿನ ಸುಲ್ತಾನನ ಊಟದ ಉಪಚಾರವನ್ನು ವಿವರವಾಗಿ ಬರೆದವನೇ, ಇನ್ನೊಂದು ಸಲ ಹನ್ನೊಂದು ತಿಂಗಳು ಅಲ್ಲಿ ರೊಟ್ಟಿಯ ಮುಖ ಕಾಣದೆ ಅನ್ನ ತಿಂದುಕೊಂಡಿದ್ದೆ ಎಂದೂ ಹೇಳಿಕೊಂಡಿದ್ದಾನೆ. ಆಮೇಲೆ ಮಾಲ್ಡೀವ್ಸ್, ಸಿಂಹಳ, ಮಲಬಾರ್ ಅಂತ ಮೂರು ವರ್ಷ ಅನ್ನವೇ ಆಗಿ, ಕೊನೆಗೆ ನೀರಿನ ಜೊತೆ ನುಂಗುವ ಸ್ಥಿತಿ ಬಂತಂತೆ. ಪಾಪ! ನಮ್ಮ ಹುಡುಗಿ ಆ ಕಾಲದ ಹೊನ್ನಾವರದಲ್ಲಿ ಯಾವ ಡಬ್ಬದ ಸಣ್ಣ ಅಕ್ಷರವನ್ನೂ ಓದಬೇಕಿರಲಿಲ್ಲ.

ಹಡಗಿನಲ್ಲಿ ಊಟ ಮಾಡಲಾರದವರು ಹಿಂದೆಯೂ ಇದ್ದರು, ಕಾರಣ ಬೇರೆ ಇತ್ತು. 1888ರ ಸೆಪ್ಟೆಂಬರ್ 4ರಂದು ಮುಂಬೈಯಿಂದ ಹಡಗು ಹತ್ತಿದ ಹದಿನೆಂಟರ ಮೋಹನದಾಸ ಗಾಂಧಿ, ಯಾವುದರಲ್ಲಿ ಮಾಂಸ ಇದೆ ಅಂತ ಕೇಳಲು ನಾಚಿಕೊಂಡು, ಮನೆಯಿಂದ ತಂದ ಸಿಹಿ ತಿಂಡಿ, ಹಣ್ಣು ತಿನ್ನುತ್ತಾ ರೂಮಿನಲ್ಲೇ ಇದ್ದರು. ಅದೇ 1888ರಲ್ಲಿ ಲಂಡನ್ನಿನ ಡಾಕ್ಟರ್ ಸ್ಯಾಮುಯೆಲ್ ಗೀ ಮಕ್ಕಳಲ್ಲಿನ ಸೀಲಿಯಾಕ್ ಬಗ್ಗೆ ಪ್ರಬಂಧ ಪ್ರಕಟಿಸಿದರು. ವಾಸಿ ಆಗುವುದಿದ್ದರೆ ಅದು ಊಟದಿಂದಲೇ ಅಂತ ಅವರಿಗೆ ಹೊಳೆದಿತ್ತು. ಯಾವ ಊಟ ಅಂತ ಗೊತ್ತಾಗಿರಲಿಲ್ಲ.

ಗೊತ್ತಾಗಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಹಾಲೆಂಡಿನ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕೆಗೆ 1930ರ ದಶಕದಲ್ಲೇ ಗೋಧಿಯ ಮೇಲೆ ಅನುಮಾನ ಇತ್ತು. 1944–45ರ ಚಳಿಗಾಲದಲ್ಲಿ ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ ಭೀಕರ ಬರ. ಬ್ರೆಡ್ ಸಿಗದೆ ಜನ ಟುಲಿಪ್ ಗಡ್ಡೆ ತಿಂದರು. ಸಾವಿರಾರು ಜನ ಸತ್ತ ಆ ಹೊತ್ತಿನಲ್ಲಿ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡರು! ಬ್ರೆಡ್ ಮತ್ತೆ ಬಂದಾಗ ಮತ್ತೆ ಮಲಗಿದರು. ಡಿಕೆ ತಮ್ಮ ಮಹಾಪ್ರಬಂಧವನ್ನು 1950ರಲ್ಲಿ ಮಂಡಿಸಿದರು. ಊರಿಗೆಲ್ಲ ಜೀವ ಕೊಡುವ ಅನ್ನವೇ ಒಂದು ಮಗುವಿಗೆ ವಿಷವಾಗಬಹುದು ಎಂಬುದು ಹೀಗೆ ತಿಳಿಯಿತು.

ಹಾಗಾದರೆ ಗೋಧಿ ನಮ್ಮ ತಟ್ಟೆಗೆ ದಿನನಿತ್ಯದ ಊಟವಾಗಿ ಬಂದದ್ದು ಯಾವಾಗ? ಉತ್ತರ ಸಿಕ್ಕಿದ್ದು ಅಮ್ಮನಿಂದ. ಪ್ರವಾಸ ಮುಗಿಸಿ ಬಂದು ಇಂಗಿನ ಕಥೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಸುಮ್ಮನೆ ಕೂತಿದ್ದು, "ಆ ಗೋಧಿ ಬಂದಿದ್ದೂ ಹಡಗಲ್ಲೇ ಅಲ್ವೇನೋ" ಅಂದಳು.

1966. ಅಮ್ಮ ಅಜ್ಜಂಪುರಕ್ಕೆ ಹೊಸ ಸೊಸೆಯಾಗಿ ಬಂದಿದ್ದಳು. ಎರಡು ವರ್ಷ ಸಾಲಾಗಿ ಮಳೆ ಕೈಕೊಟ್ಟಿತ್ತು. ಸೊಸೈಟಿಯಲ್ಲಿ ಸಾಲು ನಿಂತರೆ ಕೊಡುತ್ತಿದ್ದದ್ದು 'ಅಮೆರಿಕಾ ಗೋಧಿ'. ಅಮೆರಿಕ 1954ರಲ್ಲಿ ತನ್ನ ಹೆಚ್ಚುವರಿ ಧಾನ್ಯ ಹೊರಗೆ ಕೊಡಲು ಪಿ.ಎಲ್. 480 ಎಂಬ ಕಾನೂನು ಮಾಡಿತ್ತು. ಭಾರತದ ಜೊತೆ ಒಪ್ಪಂದ ಆದದ್ದು 1956ರಲ್ಲಿ. 1966ರಲ್ಲಂತೂ ನಮ್ಮ ದೇಶ ತರಿಸಿಕೊಂಡ ಧಾನ್ಯ ಸುಮಾರು ಒಂದು ಕೋಟಿ ಟನ್, ಅದರಲ್ಲಿ ದೊಡ್ಡ ಪಾಲು ಅಮೆರಿಕದ ಗೋಧಿ. ಅಧ್ಯಕ್ಷ ಜಾನ್ಸನ್ ಬೇಕೆಂದೇ ತಿಂಗಳ ಲೆಕ್ಕದಲ್ಲಿ ಅಳೆದು ಅಳೆದು ಬಿಡುತ್ತಿದ್ದರು. ಹಡಗು ಬಂದರೆ ಊಟ ಅನ್ನುವ ಸ್ಥಿತಿ.

(ಕಾಂಗ್ರೆಸ್ ಗಿಡ ಈ ಗೋಧಿ ಜೊತೆ ಬಂತು ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಪುಣೆಯಲ್ಲಿ ಅದನ್ನು ಗುರುತಿಸಿದ್ದು 1955ರಲ್ಲಿ, ಒಪ್ಪಂದಕ್ಕೂ ಒಂದು ವರ್ಷ ಮೊದಲು. ಹಾಗಾಗಿ ನನಗೆ ಆ ಮಾತಿನ ಮೇಲೆ ಅನುಮಾನ.)

"ಗೋಧಿ ಹಿಟ್ಟಲ್ಲಿ ಮುದ್ದೆ ಕಟ್ಟೋಕೆ ಹೋದ್ವಿ, ಕೋಲಿಗೆ ಅಂಟ್ಕೊಂಡು ಬಿಡಲೇ ಇಲ್ಲ" ಅಂತ ಅಮ್ಮ ನಕ್ಕಳು. ಆಮೇಲೆ ಚಪಾತಿ ಕಲಿತರು. ಶಾಲೆಗಳಲ್ಲಿ ಕೇರ್ ಸಂಸ್ಥೆಯ ಗೋಧಿನುಚ್ಚಿನ ಉಪ್ಪಿಟ್ಟು, ಹಾಲಿನಪುಡಿ ಬಂತು. ಬೆಂಗಳೂರಿನಲ್ಲಿ ಇನ್ನೂ ಮೊದಲೇ, ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಸೇರಿ ಅಕ್ಕಿ ಅಭಾವವಾದಾಗ, ಎಂ.ಟಿ.ಆರ್.ನವರು ರವೆ ಇಡ್ಲಿ ಮಾಡಿದ್ದರು. ಒಂದು ಕಾಲಕ್ಕೆ ಇಲ್ಲದ್ದಕ್ಕೆ ತಿಂದದ್ದು, ಬರಬರುತ್ತಾ ಅಂತಸ್ತಿನ ಊಟವಾಯಿತು. ಮುದ್ದೆ ಹಳ್ಳಿಯವರದ್ದು, ಚಪಾತಿ ಓದಿದವರದ್ದು! "ನಾನೇ ಅವಳಿಗೆ ದಿನಾ ರಾತ್ರಿ ಚಪಾತಿ ಮಾಡಿ ಹಾಕ್ತಿದ್ದೆ. ಮುದ್ದೆ ಬೇಡ, ಶಾಲೆಲಿ ಹುಡುಗ್ರು ನಗ್ತಾರೆ ಅಂತಿದ್ಲು" ಅಂದಳು ಅಮ್ಮ. ಈ ಮಾತು ಹೇಳುವಾಗ ನಗಲಿಲ್ಲ.

ಗೋಧಿಯನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಆ ಹಡಗುಗಳು ಬಾರದಿದ್ದರೆ ನಮ್ಮ ಕಡೆಯೂ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚುವಂತಿರಲಿಲ್ಲ. ಗೋಧಿಯಿಂದ ತೊಂದರೆ ಇಲ್ಲದವರು ಫ್ಯಾಷನ್ನಿಗೆ ಅಂತ ಬಿಡಬೇಕಾಗಿಯೂ ಇಲ್ಲ. ರಾಗಿ ಮಾತ್ರ ಅಪ್ಪಟ ನಮ್ಮದು ಅಂತ ಬೀಗುವಂತೆಯೂ ಇಲ್ಲ, ಅದರ ಮೂಲ ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಇಲ್ಲಿಗೆ ಬಂದದ್ದು. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಮಂಡ್ಯದಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್.

ಕನಕದಾಸರ 'ರಾಮಧಾನ್ಯ ಚರಿತೆ' ನಿಮಗೆಲ್ಲ ಗೊತ್ತಿದೆ. ಅಕ್ಕಿಗೂ ರಾಗಿಗೂ ಜಗಳವಾಗಿ, ಆರು ತಿಂಗಳು ಎರಡನ್ನೂ ಸೆರೆಯಲ್ಲಿಟ್ಟಾಗ ಕೆಡದೆ ಉಳಿದದ್ದು ರಾಗಿ. ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಇಟ್ಟವರಿಗೆ ಇದು ಕಟ್ಟುಕಥೆ ಅಲ್ಲ. ರಾಗಿಯನ್ನು ಅರಳು ಹುರಿದು ಬೀಸಿದ ಹುರಿಹಿಟ್ಟಿಗೆ ಒಲೆಯೂ ಬೇಡ. ಕುಕ್ಕರ್ ಕಿತ್ತುಕೊಳ್ಳುವ ಹಡಗಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಯಾವುದು ಹೇಳಿ?

ಅಂದ ಹಾಗೆ, ರಾಗಿ ಅಂದಮಾತ್ರಕ್ಕೆ ಕ್ಷೇಮ ಅಲ್ಲ. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ಅದೇ ಕಲ್ಲಿಗೆ ರಾಗಿ ಹಾಕಿದರೆ ಮುಗಿಯಿತು. ನಮ್ಮ ದೇಶದ ನಿಯಮದ ಪ್ರಕಾರ 'ಗ್ಲುಟೆನ್ ರಹಿತ' ಅಂತ ಬರೆಯಬೇಕಾದರೆ ಒಂದು ಕೇಜಿಯಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ. ಅಮ್ಮನಿಗೆ ಈ ಲೆಕ್ಕ ಗೊತ್ತಿಲ್ಲ. ಅಟ್ಟದಿಂದ ಬೀಸುವ ಕಲ್ಲು ಇಳಿಸಿ, ತೊಳೆದು, ಎರಡು ಕೇಜಿಯನ್ನೂ ಕೈಯಲ್ಲೇ ಬೀಸಿದ್ದಳು. ಎಂಬತ್ತರ ಹತ್ತಿರ ಬಂದ ಕೈ.

ಪ್ರಯಾಣ ಹೊರಡುವವರಿಗೆ ನಾನು ಕಲಿತ ಎರಡು ಮಾತು. ಟಿಕೆಟ್ ತೆಗೆಯುವಾಗಲೇ ಬರಹದಲ್ಲಿ ತಿಳಿಸಿ, ಹತ್ತಿದ ದಿನವೇ ಅಡುಗೆಯವರನ್ನು ಕಂಡು ಮಾತಾಡಿ. ಇಂಗು, ಸೋಯಾ ಸಾಸ್, ರವೆ ದೋಸೆ ಹುಯ್ದ ಕಾವಲಿ, ಸಮೋಸ ಕರಿದ ಎಣ್ಣೆ ಎಲ್ಲವನ್ನೂ ಕೇಳಿ. ಜವೆಗೋಧಿಯೂ ಗೋಧಿಯೇ, ಮರೆಯಬೇಡಿ. ಮಗು "ಕೇಳಿ ಬನ್ನಿ" ಅಂದರೆ ಎದ್ದು ಹೋಗಿ ಕೇಳಿ. ಉಳಿದ ಮೂರು ದಿನ ಆ ಅಡುಗೆಯವರು ಬೇರೆ ಬಾಣಲೆ ಇಟ್ಟು ಅವಳಿಗೆ ಅಡುಗೆ ಮಾಡಿಕೊಟ್ಟರು. ಕೇಳಿದ್ದರೆ ಮೊದಲ ದಿನವೇ ಮಾಡುತ್ತಿದ್ದರು.

ನಿಮ್ಮ ಮನೆಯ ಹಿರಿಯರಿಗೂ ಅಮೆರಿಕಾ ಗೋಧಿಯ ನೆನಪು ಇರಬೇಕು. ಮೊದಲ ಸಲ ಅದರಲ್ಲಿ ಏನು ಮಾಡಿ ತಿಂದರು ಅಂತ ಕೇಳಿ ಬರೆಯಿರಿ. ಹೇಳುವವರು ಇರುವಾಗಲೇ ಕೇಳಿಬಿಡಿ.