ಹೆಸರು ಕೆತ್ತಿದ ಬೆಳ್ಳಿ



ಕೊಡ, ಹರಿವಾಣಗಳ ಮೇಲೆ ಹೆಸರು ಹಾಕಿಸುವುದು ನಮ್ಮಲ್ಲಿ ರೂಢಿ. ಹತ್ತು ಮನೆಯ ಪಾತ್ರೆಗಳು ಒಂದೆಡೆ ಸೇರಿದಾಗ ಅದಲುಬದಲಾಗಬಾರದಷ್ಟೆ! 'ಇದು ನನ್ನದು' ಎಂಬುದೇ ಆ ಅಕ್ಷರಗಳ ಅರ್ಥ. ಆದರೆ ಬೇರೊಂದು ಅರ್ಥದಲ್ಲಿ ಹೆಸರು ಕೆತ್ತಿಸಿದವರೂ ಉಂಟು. ಅವರ ವೃತ್ತಾಂತವನ್ನು ಇಂದು ಹೇಳಬಯಸುತ್ತೇವೆ.

ಅಮೇರಿಕವು ಆಗ ಇಂಗ್ಲೆಂಡಿನ ದೊರೆಯ ಅಧೀನದಲ್ಲಿತ್ತು. 1767ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಅಲ್ಲಿಗೆ ಹೋಗುವ ಚಹ, ಕಾಗದ, ಗಾಜುಗಳ ಮೇಲೆ ಸುಂಕ ವಿಧಿಸಿತು. ಆ ಪಾರ್ಲಿಮೆಂಟಿನಲ್ಲಿ ಅಮೇರಿಕದವರ ಪ್ರತಿನಿಧಿ ಒಬ್ಬನೂ ಇರಲಿಲ್ಲ. ಮ್ಯಾಸಚೂಸೆಟ್ಸ್ ಪ್ರಾಂತದ ಜನಪ್ರತಿನಿಧಿ ಸಭೆಯು 1768ರಲ್ಲಿ ಇದನ್ನು ಆಕ್ಷೇಪಿಸಿ ಉಳಿದ ಪ್ರಾಂತಗಳಿಗೆ ಪತ್ರ ಬರೆಯಿತು. ಪತ್ರವನ್ನು ಹಿಂತೆಗೆದುಕೊಳ್ಳಬೇಕು, ಇಲ್ಲವಾದರೆ ಸಭೆಯನ್ನೇ ವಿಸರ್ಜಿಸಲಾಗುವುದು ಎಂದು ಲಂಡನ್ನಿನಿಂದ ಆಜ್ಞೆ ಬಂದಿತು. ಜೂನ್ 30ರಂದು ಮತ ಹಾಕಿದಾಗ 17 ಮಂದಿ ಬಾಗಿದರು. 92 ಮಂದಿ ಒಲ್ಲೆವೆಂದರು. ಸಭೆ ವಿಸರ್ಜನೆಯಾಯಿತು.

ಅದೇ ವರ್ಷ ಬಾಸ್ಟನ್ ನಗರದ ಹದಿನೈದು ಮಂದಿ ಸೇರಿ ಪಾಲ್ ರೆವೀರ್ ಎಂಬ ಬೆಳ್ಳಿ ಕೆಲಸದವನಿಂದ ಒಂದು ಬೋಗುಣಿ ಮಾಡಿಸಿದರು. ಅದು ಪಂಚ್ ಎಂಬ ಮಾದಕ ಪಾನೀಯವನ್ನು ಹಂಚುವ ಪಾತ್ರೆ. ಆ ಉಪಯೋಗವನ್ನು ನಾವು ಮೆಚ್ಚಲಾರೆವು. ಆದರೆ ಅದರ ಮೇಲಿನ ಬರಹವನ್ನು ಮೆಚ್ಚದಿರಲಾರೆವು. ಆ 92 ಮಂದಿಯ ದೃಢಚಿತ್ತವನ್ನು ಅಲ್ಲಿ ಹೊಗಳಿದೆ. ಅಧಿಕಾರದಲ್ಲಿದ್ದವರನ್ನು ದುಷ್ಟರೆಂದೇ ಕರೆದಿದೆ. ಯಾರ ಮನೆಯನ್ನಾದರೂ ಶೋಧಿಸಲು ಆಸ್ಪದ ಕೊಡುವ ಸರ್ಕಾರಿ ವಾರಂಟು ಹರಿದಂತೆ ಚಿತ್ರಿಸಿದೆ. ಇದೆಲ್ಲಕ್ಕೂ ಮೇಲೆ, ಅಂಚಿನ ಸುತ್ತ ಆ ಹದಿನೈದು ಮಂದಿ ತಮ್ಮ ಹೆಸರುಗಳನ್ನು ಕೆತ್ತಿಸಿದರು. ಅಂದರೆ, ಬರೆದದ್ದಕ್ಕೆ ತಾವೇ ಹೊಣೆಯೆಂದು ರುಜು ಹಾಕಿದರು!

ಅವರಲ್ಲಿ ಡೇನಿಯಲ್ ಮಾಲ್ಕಮ್ ಎಂಬ ವ್ಯಾಪಾರಿ ಒಬ್ಬನು. 1766ರಲ್ಲಿ ಸುಂಕದವರು ಬಂದು ನೆಲಮಾಳಿಗೆಯನ್ನು ಶೋಧಿಸಬೇಕೆಂದಾಗ ಬಾಗಿಲು ತೆರೆಯದೆ ನಿಂತವನು. ಬೋಗುಣಿ ಮಾಡಿಸಿದ ಮರುವರ್ಷವೇ, 1769ರಲ್ಲಿ, ಅವನು ಕಾಲವಶನಾದನು. ಬೆಳ್ಳಿಗೆ ಅವನು ಒಡೆಯನಾಗಿದ್ದುದು ಅಷ್ಟೇ ಕಾಲ. ಆ ರುಜು ಮಾತ್ರ ಅಳಿಯಲಿಲ್ಲ.

ಬೋಗುಣಿಯು ಮುಂದೆ ಖಾಸಗಿಯವರ ಕೈಯಲ್ಲಿದ್ದು, 1949ರಲ್ಲಿ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯವನ್ನು ಸೇರಿತು. ಅದನ್ನು ಕೊಳ್ಳಲು ಕೂಡಿಸಿದ ಹಣದಲ್ಲಿ ಶಾಲಾಮಕ್ಕಳು ಕೊಟ್ಟ ಕಾಣಿಕೆಯೂ ಸೇರಿತ್ತು. ಆ ಮಕ್ಕಳ ಹೆಸರು ಅದರ ಮೇಲಿಲ್ಲ. ಆದರೂ ಅವರು ಒಡೆಯರಲ್ಲವೆನ್ನಲಾದೀತೆ?

ಇನ್ನೊಂದು ಮಾತನ್ನು ಮರೆಮಾಚಬಾರದು. ಸ್ವಾತಂತ್ರ್ಯದ ಬರಹವನ್ನು ಬೆಳ್ಳಿಯಲ್ಲಿ ಕೆತ್ತಿಸಿದ ಅದೇ ಬಾಸ್ಟನ್ನಿನಲ್ಲಿ ಅಂದು ಗುಲಾಮರಿದ್ದರು. ಅವರ ಪಾಲಿಗೆ ಆ ಅಕ್ಷರಗಳು ಬಾಯಿ ಬಿಡಲಿಲ್ಲ. ಕೆತ್ತಿಸುವುದು ಸುಲಭ, ಕೆತ್ತಿಸಿದ್ದನ್ನು ಎಲ್ಲರಿಗೂ ಸಲ್ಲಿಸುವುದು ಕಠಿಣ.

ಆದ್ದರಿಂದ ಪಾತ್ರೆಯ ಮೇಲೆ ಹೆಸರು ಹಾಕಿಸುವುದು ಬೇಡವೆಂದು ನಾವು ಹೇಳುವುದಿಲ್ಲ. ಹಾಕಿಸುವ ಮುನ್ನ ಒಮ್ಮೆ ಕೇಳಿಕೊಳ್ಳಿರಿ: ಇದು ನನ್ನ ಸ್ವತ್ತಿನ ಗುರುತೋ, ನನ್ನ ನಡತೆಗೆ ಹಾಕಿದ ರುಜುವೋ? ಸ್ವತ್ತು ಕೈಯಿಂದ ಕೈಗೆ ಹೋಗುತ್ತದೆ. ರುಜುವಿಗೆ ಮಾತ್ರ ಹಾಕಿದವನೇ ಉತ್ತರ ಹೇಳಬೇಕು.