ಟಾಟಾ ಇನ್‌ಸ್ಟಿಟ್ಯೂಟಿನ ವೈರಸ್, ಮತ್ತು ಮದ್ದಿಲ್ಲದ ಭೇದಿ

ಯಶವಂತಪುರದಿಂದ ಮಲ್ಲೇಶ್ವರದ ಕಡೆ ಬಸ್ಸಲ್ಲಿ ಬರುವಾಗ ಕಂಡಕ್ಟರ್ 'ಟಾಟಾ ಇನ್‌ಸ್ಟಿಟ್ಯೂಟ್' ಅಂತ ಕೂಗ್ತಾರಲ್ಲ, ಇವತ್ತಿನ ಕಥೆ ಆ ಸ್ಟಾಪಿನದು. 1909ರಲ್ಲಿ ಶುರುವಾದ ಭಾರತೀಯ ವಿಜ್ಞಾನ ಸಂಸ್ಥೆ ಅಂದ ಕೂಡಲೇ ನಮಗೆ ವಿಮಾನ, ರಾಕೆಟ್ಟು ನೆನಪಾಗುತ್ತೆ. ಆದರೆ ಹಸುಗೂಸುಗಳ ಭೇದಿಯ ಬಗ್ಗೆಯೂ ಅಲ್ಲಿ ದೊಡ್ಡ ಕೆಲಸ ನಡೆದಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1973ರಲ್ಲಿ ಮೆಲ್ಬರ್ನ್‌ನ ರೂತ್ ಬಿಷಪ್ ಮತ್ತು ಸಂಗಡಿಗರು ಭೇದಿಯಿಂದ ಬಳಲುತ್ತಿದ್ದ ಮಕ್ಕಳ ಕರುಳಿನ ಒಳಪದರದಲ್ಲಿ ಒಂದು ವೈರಸ್ ಕಂಡರು. ಅದು ಗಾಲಿಯ ಹಾಗೆ ಕಾಣುತ್ತಿತ್ತು, ಅದಕ್ಕೇ ರೋಟಾವೈರಸ್ ಅನ್ನೋ ಹೆಸರು ಬಂತು.

1980ರ ದಶಕದ ಕೊನೆಯ ಹೊತ್ತಿಗೆ ಸಂಸ್ಥೆಯ ವಿಜ್ಞಾನಿ ಸಿ. ದುರ್ಗಾ ರಾವ್ ಅವರ ತಂಡ ಬೆಂಗಳೂರಿನ ನವಜಾತ ಶಿಶುಗಳನ್ನು ಪರೀಕ್ಷಿಸಿತು. ಹಲವು ಕೂಸುಗಳ ಮಲದಲ್ಲಿ ರೋಟಾವೈರಸ್ ಸಿಕ್ಕಿತು. ವಿಚಿತ್ರ ಏನಪ್ಪಾ ಅಂದ್ರೆ, ಆ ಕೂಸುಗಳಿಗೆ ಭೇದಿಯೇ ಇರಲಿಲ್ಲ! ಈ ತಳಿಗೆ ಐ321 ಅಂತ ಹೆಸರಿಟ್ಟರು. ರೋಟಾವೈರಸ್ಸಿನ 11 ಜೀನ್ ತುಣುಕುಗಳಲ್ಲಿ ಇದರ 9 ಹಸುವಿನ ವೈರಸ್ಸಿನವು, ಬರೀ 2 ಮನುಷ್ಯನ ವೈರಸ್ಸಿನವು. ದೆಹಲಿಯ ಏಮ್ಸ್‌ನಲ್ಲಿ ಎಂ.ಕೆ. ಭಾನ್ ಅವರ ತಂಡಕ್ಕೆ ಸಿಕ್ಕ 116ಇ ತಳಿಯೂ ಕೂಸುಗಳಿಗೆ ತೊಂದರೆ ಕೊಡದ್ದೇ. ಆದರೆ ಅದರ ಲೆಕ್ಕ ತಿರುಗುಮುರುಗು: ಒಂದೇ ಒಂದು ಜೀನ್ ಹಸುವಿನದು, ಮಿಕ್ಕಿದ್ದೆಲ್ಲ ಮನುಷ್ಯನದು.

ಕಾಯಿಲೆ ತರದೆ ದೇಹಕ್ಕೆ ಪಾಠ ಕಲಿಸುವ ವೈರಸ್ ಅಂದ್ರೆ ಲಸಿಕೆಯೇ ಅಲ್ವಾ? ಎರಡನ್ನೂ ಶಿಶುಗಳಲ್ಲಿ ಪರೀಕ್ಷಿಸಿದರು. 2006ರಲ್ಲಿ ಫಲಿತಾಂಶ ಬಂದಾಗ ದೆಹಲಿಯ ತಳಿ ಗೆದ್ದಿತ್ತು, ನಮ್ಮೂರಿನದು ಹಿಂದುಳಿದಿತ್ತು. ಗೆದ್ದ ತಳಿಯಿಂದ ಹೈದರಾಬಾದಿನ ಭಾರತ್ ಬಯೋಟೆಕ್ ಮಾಡಿದ ಲಸಿಕೆಯೇ ರೋಟಾವ್ಯಾಕ್. ಅದು 2016ರಲ್ಲಿ ಸರ್ಕಾರಿ ಲಸಿಕೆ ಪಟ್ಟಿಗೆ ಸೇರಿತು.

ಇಲ್ಲಿಗೆ ಕಥೆ ಮುಗೀತು ಅಂದ್ಕೋಬೇಡಿ. ಆ ಕೂಸುಗಳು ಸುಮ್ಮನೆ ಪಾರಾಗಿದ್ದಕ್ಕೆ ಒಂದು ಕಾರಣ ತಳಿಯ ಸೌಮ್ಯ ಗುಣ. ಆದರೆ ಕರುಳಿಂದ ವೈರಸ್ಸನ್ನು ಹೊರಹಾಕೋದು ದೇಹದ ರೋಗನಿರೋಧಕ ಶಕ್ತಿಯೇ. ಅದೇ ಕುಂದಿದ್ದರೆ? ಕಿಡ್ನಿ ಅಥವಾ ಅಸ್ಥಿಮಜ್ಜೆ ಕಸಿಯಾದವರು, ಕೀಮೋಥೆರಪಿಯಲ್ಲಿರುವವರು, ಹುಟ್ಟಿನಿಂದಲೇ ನಿರೋಧಕ ಶಕ್ತಿ ಇಲ್ಲದ ಮಕ್ಕಳು: ಇವರಲ್ಲಿ ವಾರದೊಳಗೆ ಹೋಗಬೇಕಾದ ಭೇದಿ ತಿಂಗಳುಗಟ್ಟಲೆ ಎಳೆಯಬಹುದು.

ಮಾತ್ರೆ ಇಲ್ವಾ ಅಂತ ಕೇಳ್ತೀರಿ. ಕರುಳಿಗೂ ಹುಣ್ಣು ತರುವ ಸೈಟೊಮೆಗಾಲೊ ವೈರಸ್ಸಿಗೆ ಇದೆ. ಅದಕ್ಕೆ ಗ್ಯಾನ್‌ಸೈಕ್ಲೊವಿರ್ ಔಷಧಿ 1989ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಮೊದಲು ಒಪ್ಪಿಗೆ ಸಿಕ್ಕಿದ್ದು ಏಡ್ಸ್ ರೋಗಿಗಳ ಕಣ್ಣು ಉಳಿಸಲಿಕ್ಕೆ. ರೋಟಾ ಮತ್ತು ನೊರೊವೈರಸ್‌ಗಳಿಗೆ ಮಾತ್ರ ಹಾಗೆ ಒಪ್ಪಿಗೆ ಪಡೆದ ಔಷಧಿ ಇಲ್ಲ. ನಿಟಾಜೊಕ್ಸನೈಡ್ ಅನ್ನೋ ಹುಳದ ಔಷಧಿಯನ್ನು ಈಜಿಪ್ಟಿನ ಮಕ್ಕಳಿಗೆ ಕೊಟ್ಟಾಗ ರೋಟಾವೈರಸ್ ಭೇದಿ ಬೇಗ ನಿಂತಿತ್ತು, ಆ ವರದಿ ಬಂದಿದ್ದು 2006ರಲ್ಲಿ. ಆದರೆ ನಿರೋಧಕ ಶಕ್ತಿ ಕುಂದಿದವರ ವಿಷಯದಲ್ಲಿ ಪುರಾವೆ ಇನ್ನೂ ತೆಳು. ಹಾಗಾಗಿ ವೈದ್ಯರ ಕೈಲಿರೋದು ಇಷ್ಟೇ: ಓಆರ್‌ಎಸ್, ಡ್ರಿಪ್, ಸಾಧ್ಯವಾದರೆ ನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳ ಡೋಸ್ ಇಳಿಸೋದು, ಕೆಲವೊಮ್ಮೆ ಇಮ್ಯುನೊಗ್ಲಾಬ್ಯುಲಿನ್ ಕುಡಿಸೋದು.

ಇನ್ನೂ ಕಷ್ಟದ ಮಾತೊಂದಿದೆ. ಈ ಲಸಿಕೆ ಜೀವಂತ ವೈರಸ್. ಹುಟ್ಟಿನಿಂದಲೇ ತೀವ್ರ ನಿರೋಧಕ ಕೊರತೆ ಇರುವ ಮಗುವಿಗೆ ಅದೇ ಕಾಯಿಲೆ ತರಬಹುದು. 2010ರಿಂದ ಅಮೆರಿಕದಲ್ಲಿ ಅಂಥ ಮಕ್ಕಳಿಗೆ ಇಂಥ ಲಸಿಕೆ ನಿಷಿದ್ಧ. ಮೊದಲ ಡೋಸ್ ಬೀಳೋದು 6ನೇ ವಾರಕ್ಕೆ, ಕೊರತೆ ಗೊತ್ತಾಗೋದು ಎಷ್ಟೋ ಸಲ ಆಮೇಲೆ. ಹಾಗಾಗಿ ನಿಮ್ಮ ಮನೆತನದಲ್ಲಿ ಕೂಸುಗಳು ಪದೇಪದೇ ಸೋಂಕಿಂದ ತೀರಿಕೊಂಡಿದ್ದರೆ, ಹನಿ ಹಾಕಿಸೋ ಮುಂಚೆ ವೈದ್ಯರಿಗೆ ಹೇಳಿ.

ಮಿಕ್ಕ ಮಕ್ಕಳಿಗೆ ತಪ್ಪದೆ ಹಾಕಿಸಿ. ಮನೆಯಲ್ಲಿ ಕಸಿಯಾದ ಅಜ್ಜ ಇದ್ದರೂ ಮಗುವಿಗೆ ಹಾಕಿಸಬಹುದು, ಬಟ್ಟೆ ಬದಲಿಸಿದ ಮೇಲೆ ಸೋಪಿಂದ ಕೈ ತೊಳೆದರಾಯ್ತು. ಔಷಧಿ ಇಲ್ಲದವರಿಗೆ ಸುತ್ತಲಿನವರ ಲಸಿಕೆಯೇ ಬೇಲಿ.